ಗಂಟೆಯ ಹಿಂದೆ ಬಂದ ಪೆಟ್ಟಿಗೆ

ನಮ್ಮ ಕೇರಿಯಲ್ಲಿ ಡೋಲು ಬಾರಿಸುವವರಿಗೆ ಹೆಸರಿದೆ, ಹಾಡುವವರಿಗೆ ಹೆಸರಿದೆ, ಬಾವುಟ ಹಿಡಿದು ಸುಮ್ಮನೆ ನಡೆಯುವವನಿಗೂ ಒಂದು ಹೆಸರಿದೆ. ಗಂಟೆ ಬಾರಿಸುವವಳನ್ನು ಮಾತ್ರ ಯಾರೂ ಮೂಸಿ ನೋಡುವುದಿಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ತಂಡದ ಕಬ್ಬಿಣದ ಗಂಟೆ ನನ್ನ ಕೈಯಲ್ಲಿದೆ. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಕಡ್ಡಿ, ಐದು ಪೆಟ್ಟು, ಮತ್ತೆ ಅದೇ ಐದು ಪೆಟ್ಟು. ನೋಡುವವರಿಗೆ ಮಕ್ಕಳಾಟ. ಆದರೆ ಅಷ್ಟೂ ಡೋಲುಗಳು ಹಿಡಿದುಕೊಂಡು ನಡೆಯುವುದು ಆ ಐದು ಪೆಟ್ಟನ್ನೇ. ಇದನ್ನು ನಾನೇ ಹೇಳಿದರೆ ಜಂಬ ಅನ್ನುತ್ತಾರೆ. ಅನ್ನಲಿ.

ನನ್ನ ಹೆಸರು ಆಶೋರ್ಕೊ. ಅಕ್ರಾದ ಕಡಲಂಚಿನಲ್ಲಿ ಕೆಂಕಿ ಬೇಯಿಸಿ ಮಾರುತ್ತೇನೆ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತುವಾಗಲೂ ನನ್ನ ಬೆರಳುಗಳು ಆ ಲೆಕ್ಕದಲ್ಲೇ ಓಡುತ್ತವೆ ಎಂದು ಗಿರಾಕಿಗಳು ನಗುತ್ತಾರೆ. ತಂಡ ಕಟ್ಟಿದವರು ನನ್ನ ಮಾವ. ಈಗ ಅದನ್ನು ನಡೆಸುವವರು ಅರ್ಮಾ ಭಾವ, ತೀರಿಹೋದ ನನ್ನ ಗಂಡನ ಅಣ್ಣ. ದೊಡ್ಡ ಡೋಲು ಅವರದು, ದೊಡ್ಡ ಗಂಟಲೂ ಅವರದೇ.

ಹೋದ ವರ್ಷ ಸುಗ್ಗಿಯ ಹೊಮೊವೊ ಹಬ್ಬದ ಮೆರವಣಿಗೆಯಲ್ಲಿ ನಮ್ಮ ಮಾನ ಹೋಯಿತು. ಹಳೆಯ ಕೈಗಳಲ್ಲಿ ಕೆಲವರು ಸತ್ತಿದ್ದರು, ಕೆಲವರು ಮೀನಿನ ದೋಣಿಯ ಹಿಂದೆ ಬೇರೆ ಊರು ಸೇರಿದ್ದರು. ಹೊಸ ಹುಡುಗರು ಉತ್ಸಾಹಕ್ಕೆ ಬಿದ್ದು ಓಡಿದರು, ಡೋಲು ಒಂದು ಕಡೆ, ಹಾಡು ಇನ್ನೊಂದು ಕಡೆ. ಎಂದೂ ಮುಂದೆ ನಡೆಯುತ್ತಿದ್ದ ನಮ್ಮನ್ನು ಹಿರಿಯರು ಅರ್ಧ ದಾರಿಯಲ್ಲೇ ಬಾಲಕ್ಕೆ ಕಳಿಸಿ, ಪಕ್ಕದ ಕೇರಿಯವರನ್ನು ಮುಂದಕ್ಕೆ ಕರೆದರು. ಈ ವರ್ಷವೂ ಹೀಗೇ ಆದರೆ ಮುಂದಿನ ಜಾಗ ಕಾಯಂ ಆಗಿ ಅವರಿಗೇ ಎಂದು ಊರಿನ ಹಿರಿಯ ಪೂಜಾರಿ ನೂಮೊ ಬೊರ್ಕೆಟೆ ಹೇಳಿಬಿಟ್ಟರು. ಬಿಳಿ ಬಟ್ಟೆ ಉಡುವ ಆ ಅಜ್ಜ ಒಮ್ಮೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ಯಾರಿಗೂ ನೆನಪಿಲ್ಲ. ಮಾವ ಬೆವರು ಸುರಿಸಿ ಗಳಿಸಿದ ಜಾಗ ಅದು.

ಅಭ್ಯಾಸ ಮಾಡೋಣವೆಂದರೆ ಹಬ್ಬಕ್ಕೆ ಮುಂಚೆ ಮೌನದ ತಿಂಗಳು ಬರುತ್ತದೆ. ಪೂಜಾರಿಗಳು ಮೆಕ್ಕೆಜೋಳದ ಬೀಜ ಬಿತ್ತಿದ ಮೇಲೆ ಅದು ಮಣ್ಣಿನಲ್ಲಿ ನೆಮ್ಮದಿಯಾಗಿ ಮಲಗಬೇಕು. ಆ ತಿಂಗಳು ಮುಗಿಯುವವರೆಗೆ ಊರಲ್ಲಿ ಡೋಲಿಲ್ಲ, ಗಂಟೆಯಿಲ್ಲ, ಚಪ್ಪಾಳೆಯೂ ಇಲ್ಲ. ಡೋಲುಗಳನ್ನು ಮಗ್ಗುಲಿಗೆ ಮಲಗಿಸಿ ಬಟ್ಟೆ ಹೊದಿಸುತ್ತೇವೆ. ಹೊಸ ಹುಡುಗರ ಕೈ ಪಳಗಬೇಕಾದ ತಿಂಗಳಲ್ಲೇ ಎಲ್ಲರೂ ಕೈಕಟ್ಟಿ ಕೂರಬೇಕು.

ಆಗ ಮುಂದೆ ಬಂದವಳು ನನ್ನ ಮಗಳು ಅಮೆರ್ಲಿ. ಮದುವೆಗೆ, ಸಾವಿನ ಮನೆಗೆ, ಚರ್ಚಿನವರಿಗೆ ಹಾಡು ಕೂಡಿಸಿಕೊಡುವುದು ಅವಳ ಕೆಲಸ. ಅವಳ ಹತ್ತಿರ ಒಂದು ಪೆಟ್ಟಿಗೆಯಿದೆ, ಮೈತುಂಬ ಚೌಕ ಚೌಕದ ರಬ್ಬರ್ ಗುಂಡಿಗಳು. ಅದಕ್ಕೆ ಕಂಪ್ಯೂಟರ್ ಬೇಡ, ಕರೆಂಟು ಹೋದರೂ ಚಿಂತೆಯಿಲ್ಲ. ಯಾವ ಸದ್ದು ತುಂಬಿದರೂ ನುಂಗಿಕೊಂಡು, ಗುಂಡಿ ಒತ್ತಿದರೆ ಲಯಕ್ಕೆ ಸರಿಯಾಗಿ ವಾಪಸು ಕೊಡುತ್ತದೆ. ಅದರ ಜೊತೆಗೆ ಒಂದು ಟ್ಯಾಬ್. ಎರಡರ ನಡುವೆ ಒಂದೇ ವೈರು. ಬಿತ್ತನೆಗೆ ಮುಂಚೆಯೇ ಅವಳು ನಮ್ಮ ಡೋಲುಗಳನ್ನೆಲ್ಲ ಒಂದೊಂದಾಗಿ ಬಾರಿಸಲು ಹೇಳಿ ಪೆಟ್ಟಿಗೆಗೆ ತುಂಬಿದ್ದಳು. ಹೆಂಗಸರ ಹಾಡು ಮತ್ತು ನನ್ನ ಗಂಟೆ ಟ್ಯಾಬಿನಲ್ಲಿ.

ಮೌನದ ತಿಂಗಳು ಶುರುವಾದ ಮೇಲೆ ಮಧ್ಯಾಹ್ನ ನಮ್ಮ ಅಂಗಳದಲ್ಲಿ ತಂಡವೆಲ್ಲ ಸುತ್ತ ಕೂರುತ್ತಿತ್ತು. ಎಲ್ಲರ ಕಿವಿಯಿಂದ ವೈರುಗಳು ಇಳಿದು ನಡುವಿನ ಪೆಟ್ಟಿಗೆಗೆ ಸೇರುತ್ತಿದ್ದವು. ತುಟಿ ಮಾತ್ರ ಆಡುತ್ತಿತ್ತು, ಭುಜ ತೂಗುತ್ತಿತ್ತು, ಕೈ ತೊಡೆ ತಟ್ಟುತ್ತಿತ್ತು. ಕೆಂಕಿ ಒಯ್ಯಲು ಬಂದವರು ಬಾಗಿಲಲ್ಲೇ ನಿಂತು, ಇವರಿಗೆಲ್ಲ ಒಟ್ಟಿಗೆ ಏನು ಬಡಿಯಿತು ಎಂದು ನನ್ನ ಮುಖ ನೋಡುತ್ತಿದ್ದರು. ಅರ್ಮಾ ಭಾವ ಮೊದಲು ಮೂಗು ಮುರಿದರು. ಎರಡು ದಿನ ಕಳೆದ ಮೇಲೆ ಎಲ್ಲರಿಗಿಂತ ದೊಡ್ಡ ಹೆಡ್‌ಫೋನ್ ತನಗೇ ಬೇಕೆಂದು ಹಟ ಹಿಡಿದರು.

ಸುದ್ದಿ ಪಕ್ಕದ ಕೇರಿಗೆ ಹೋಗದೆ ಇರುತ್ತದೆಯೇ? ಅವರು ಹೋಗಿ ದೂರು ಕೊಟ್ಟರು. ಒಂದು ಮಧ್ಯಾಹ್ನ ನೂಮೊ ಬೊರ್ಕೆಟೆ ತಾವೇ ಕೋಲೂರಿಕೊಂಡು ಅಂಗಳಕ್ಕೆ ಬಂದರು, ಹಿಂದೆ ಇಬ್ಬರು. ತಪ್ಪು ಎಂದು ಅವರ ಬಾಯಲ್ಲಿ ಬಂದರೆ ಈ ವರ್ಷ ಮೆರವಣಿಗೆಗೇ ನಮ್ಮನ್ನು ಸೇರಿಸುವುದಿಲ್ಲ, ಅಲ್ಲಿಗೆ ಕಥೆ ಮುಗಿದಂತೆ. ಭಾವ ತಮ್ಮ ಹೆಡ್‌ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ನನ್ನ ಕೈಯ ಹಿಟ್ಟು ಕೈಯಲ್ಲೇ ಒಣಗಿತು. ಅಮೆರ್ಲಿ ಮಾತ್ರ ಎದ್ದು ಹೋಗಿ, ಅಜ್ಜನ ಮುಂದೆ ಮಂಡಿಯೂರಿ, ಬಲಗೈಯಲ್ಲಿ ಹೆಡ್‌ಫೋನ್ ಕೊಟ್ಟಳು.

ಅವರು ಹಾಕಿಕೊಂಡು ಬಹಳ ಹೊತ್ತು ಕೇಳಿದರು.

“ಇದರಲ್ಲಿ ಡೋಲಿದೆ,” ಅಂದರು.

“ಇದೆ ಅಜ್ಜ. ಬಿತ್ತನೆಗೆ ಮುಂಚೆ ಬಾರ್ಸಿದ್ದು.”

“ಈಗ ಆ ಸದ್ದು ಎಲ್ಲಿದೆ?”

“ನಿಮ್ಮ ಕಿವಿಯೊಳಗೆ ಅಜ್ಜ. ಬೇರೆಲ್ಲೂ ಇಲ್ಲ.”

ಅಜ್ಜ ಹೆಡ್‌ಫೋನ್ ತೆಗೆದರು, ಹುಡುಗರಿಗೆ ಮುಂದುವರಿಸಲು ಸನ್ನೆ ಮಾಡಿ ಕಣ್ಣು ಮುಚ್ಚಿ ನಿಂತರು. ಅಂಗಳದಲ್ಲಿ ಪಟಪಟ ಎಂದು ತೊಡೆ ತಟ್ಟುವ ಸದ್ದು.

“ಕಿವಿಯೊಳಗೆ ಏನು ಇಟ್ಕೋತೀರೋ ಅದು ನಿಮಗೆ ಬಿಟ್ಟಿದ್ದು,” ಅಂದರು. “ಆದ್ರೆ ಈ ತೊಡೆ ತಟ್ಟೋದು ನನಗೆ ಕೇಳಿಸ್ತಿದೆ. ನನ್ನಂಥ ಮುದುಕನಿಗೆ ಕೇಳಿಸಿದ್ರೆ ಮಣ್ಣಿಗೆ ಕೇಳ್ಸಲ್ವಾ?”

ಅಷ್ಟೇ ಹೇಳಿ ಹೊರಟುಹೋದರು. ಮರುದಿನದಿಂದ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ದಿಂಬು ತಂದರು, ತೊಡೆಯ ಮೇಲಿಟ್ಟುಕೊಂಡು ಅದನ್ನೇ ಬಾರಿಸಿದರು. ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಕೇರಿಯಲ್ಲಿ ಹತ್ತಿ ಉಳಿದ ದಿಂಬು ಒಂದೂ ಇರಲಿಲ್ಲ. ಪಕ್ಕದ ಕೇರಿಯವರಿಗೆ ಎದುರಾದಾಗ ಅಜ್ಜನನ್ನು ನಮ್ಮನೆ ತನಕ ಕಳಿಸಿಕೊಟ್ಟ ಉಪಕಾರಕ್ಕೆ ಒಂದು ಕೆಂಕಿ ಪುಕ್ಕಟೆ ತಿನ್ನಿ ಎಂದು ನಾನೇ ಕರೆದೆ. ಅವರು ತಿನ್ನಲಿಲ್ಲ.

ಇಷ್ಟಾದರೂ ನಾನು ಮಾತ್ರ ಕಿವಿಗೆ ಏನನ್ನೂ ಹಾಕಿಕೊಂಡಿರಲಿಲ್ಲ. ನನ್ನ ಗಂಟೆ ನನಗೆ ಗೊತ್ತು, ಒಲೆಯ ಮೇಲೆ ಮಡಕೆ ಬೇರೆ. ಒಂದು ದಿನ ಅಮೆರ್ಲಿ ಬಲವಂತ ಮಾಡಿದಳೆಂದು ಹಾಕಿಕೊಂಡೆ. ಕೇಳಿದ ಕೂಡಲೇ ಮೈ ಉರಿಯಿತು. ಸದ್ದು ನನ್ನದೇ, ಆದರೆ ನಡಿಗೆ ನನ್ನದಲ್ಲ. ಡೋಲುಗಳು ಮುಂದೆ ಮುಂದೆ ಹೋಗುತ್ತಿದ್ದವು, ನನ್ನ ಗಂಟೆ ಒಂದು ಕೂದಲೆಳೆ ಹಿಂದೆ, ಕೆಲಸದವಳ ಹಾಗೆ ಓಡೋಡಿ ಬರುತ್ತಿತ್ತು. ಹುಡುಗರು ಗಂಟೆಗೆ ಕಿವಿಗೊಡದೆ ಡೋಲನ್ನೇ ಬೆನ್ನಟ್ಟುತ್ತಿದ್ದರು. ಹೋದ ವರ್ಷ ನಾವು ಕೆಟ್ಟದ್ದು ಹೀಗೆಯೇ.

ಅಮೆರ್ಲಿ ಬಿಡಿಸಿ ಹೇಳಿದಳು. ಎರಡು ಯಂತ್ರ ಜೋಡಿಸಿದರೆ ಒಂದು ಹೆಜ್ಜೆ ಹಾಕಬೇಕು, ಇನ್ನೊಂದು ಅದರ ಹಿಂದೆ ನಡೆಯಬೇಕು. ಯಾವುದು ಮುಂದೆ ಅಂತ ನಾವು ಬೆರಳಲ್ಲಿ ಒತ್ತಿ ಹೇಳಬೇಕು. ಅವಳು ಎಲ್ಲರೂ ಮಾಡುವಂತೆ ಪೆಟ್ಟಿಗೆಯನ್ನು ಮುಂದಿಟ್ಟಿದ್ದಳು, ಡೋಲು ಅದರಲ್ಲೇ ಇತ್ತಲ್ಲ. ಟ್ಯಾಬು ಹಿಂದೆ, ಅದರೊಳಗಿನ ಗಂಟೆಯೂ ಹಿಂದೆ. ಚರ್ಚಿನ ಹಾಡಿಗೆ ಅದು ನಡೆಯುತ್ತದೆ. ನಮಗೆ ನಡೆಯುವುದಿಲ್ಲ.

ಭಾವನಿಗೆ ಇದನ್ನು ಕೇಳಿ ಎಲ್ಲಿಲ್ಲದ ಖುಷಿ. “ಡೋಲು ಗಂಡಸು, ಗಂಟೆ ಹೆಂಗಸು. ಯಾರು ಮುಂದೆ ನಡೀಬೇಕು ಅಂತ ಪೆಟ್ಟಿಗೆಗೂ ಗೊತ್ತು ನೋಡು ಆಶೋರ್ಕೊ,” ಅಂದರು.

“ಮುಂದೆ ನಡೆದ ಗಂಡಸು ದಾರಿ ತಪ್ಪಿದ್ದಕ್ಕೇ ಅಲ್ವಾ ಭಾವ, ಹೋದ ವರ್ಷ ನಾವೆಲ್ಲ ಬಾಲದಲ್ಲಿ ಬಂದಿದ್ದು,” ಅಂದೆ.

ಹೆಂಗಸರೆಲ್ಲ ದಿಂಬಿನೊಳಗೆ ಮುಖ ಹುದುಗಿಸಿ ನಕ್ಕರು, ಜೋರಾಗಿ ನಗುವ ಹಾಗಿರಲಿಲ್ಲವಲ್ಲ. ಅಮೆರ್ಲಿ ನಗಲಿಲ್ಲ. ಅವಳು ಪೆಟ್ಟಿಗೆಯನ್ನೇ ನೋಡುತ್ತ ಯೋಚನೆಗೆ ಬಿದ್ದಿದ್ದಳು. ನನ್ನ ಮಗಳಿಗೆ ಒಂದು ವಿಷಯ ತಲೆಗೆ ಹೊಕ್ಕರೆ ಊಟ ಮುಂದಿಟ್ಟರೂ ಕಾಣುವುದಿಲ್ಲ.

ಮೊದಲು ಅವಳು ಕ್ರಮ ತಿರುಗಿಸಿದಳು. ಟ್ಯಾಬು ಮುಂದೆ, ಪೆಟ್ಟಿಗೆ ಹಿಂದೆ. ಅಂದೇ ಹುಡುಗರ ಕೈ ಒಂದು ಹದಕ್ಕೆ ಬಂತು. ನನಗೆ ಅಷ್ಟು ಸಾಕಿತ್ತು, ಅವಳಿಗೆ ಸಾಕಾಗಲಿಲ್ಲ. ತುಂಬಿಟ್ಟ ಗಂಟೆ ಒಂದೇ ಸಮನೆ ಹೋಗುತ್ತದೆ, ಬೀದಿ ಏರಿದರೂ ಇಳಿದರೂ ಅದಕ್ಕೆ ಗೊತ್ತಾಗುವುದಿಲ್ಲ, ನಿನಗೆ ಗೊತ್ತಾಗುತ್ತದಲ್ಲ ಅಮ್ಮ, ಎಂದಳು. ಒಂದು ಗುಂಡಿಯಷ್ಟು ಚಿಕ್ಕ ಮೈಕನ್ನು ತಂದು ನನ್ನ ಗಂಟೆಯ ಬೆನ್ನಿಗೆ ಅಂಟಿಸಿದಳು. ಗಂಟೆಯೊಳಗೆ ಬಟ್ಟೆ ತುರುಕಿ, ಬೆರಳ ತುದಿಯಿಂದ ತಟ್ಟು ಎಂದಳು. ಹೊರಗೆ ಇರುವೆಗೂ ಕೇಳಿಸದಷ್ಟು ಮೆಲ್ಲಗೆ ತಟ್ಟಿದೆ. ಟ್ಯಾಬು ನನ್ನ ತಟ್ಟು ಕೇಳಿ ಹೆಜ್ಜೆ ಲೆಕ್ಕ ಹಾಕಿತು, ವೈರಿನಲ್ಲಿ ಅದನ್ನು ಪೆಟ್ಟಿಗೆಗೆ ಹೇಳಿತು, ಪೆಟ್ಟಿಗೆಯ ಡೋಲುಗಳು ನನ್ನ ಬೆರಳ ಹಿಂದೆ ಬಂದವು. ನಿಧಾನ ಮಾಡಿದರೆ ನಿಧಾನ, ಚುರುಕು ಮಾಡಿದರೆ ಚುರುಕು. ನಾನು ನಿಲ್ಲಿಸಿದೆ. ಅವೂ ನಿಂತವು.

ಮೆರವಣಿಗೆಗೂ ಹೀಗೇ ಪೆಟ್ಟಿಗೆ ಕಟ್ಟಿಕೊಂಡು ಹೋಗೋಣ ಎಂದಳು ಅಮೆರ್ಲಿ. ಭಾವ ಒಪ್ಪಲಿಲ್ಲ. ನಿಜವಾದ ಪೆಟ್ಟಿನಲ್ಲಿ ನೋಡಿಲ್ಲ, ಬೀದಿಯ ಗಲಾಟೆಯಲ್ಲಿ ನೋಡಿಲ್ಲ, ಇಷ್ಟು ದೊಡ್ಡ ದಿನ ಇಂಥ ಹುಚ್ಚಾಟ ಯಾಕೆ, ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದರು. ಮನೆಯಲ್ಲಿ ಬಿಟ್ಟರೆ ಹೋದವರ ಡೋಲುಗಳನ್ನು ಯಾರು ಬಾರಿಸುತ್ತಾರೆ ಎಂದು ಅಮೆರ್ಲಿ ಕೇಳಿದಳು. ಹಾಗಾದರೆ ತನ್ನಿ, ತಪ್ಪಿದರೆ ಆ ತಪ್ಪು ನಿಮ್ಮ ಅಮ್ಮ ಮಗಳ ತಲೆಗೇ ಎಂದು ಭಾವ ಎಲ್ಲರೆದುರು ಹೇಳಿದರು. ನಾನು ತಲೆಯಾಡಿಸಿ ಒಪ್ಪಿಕೊಂಡೆ.

ಮೌನ ಮುರಿಯುವ ದಿನ ಬೆಳಿಗ್ಗೆ ಹಿರಿಯರ ಡೋಲು ಮೊಳಗಿತು. ಊರು ಒಂದು ತಿಂಗಳ ಉಸಿರನ್ನು ಒಟ್ಟಿಗೆ ಬಿಟ್ಟಿತು. ಮಧ್ಯಾಹ್ನ ಎಲ್ಲ ಕೇರಿಯವರೂ ಬೀದಿಗೆ ಬಂದೆವು. ಯಾರು ಮುಂದೆ ನಡೆಯಬೇಕು ಎಂಬುದನ್ನು ನೂಮೊ ಬೊರ್ಕೆಟೆ ಮೀನು ಸಂತೆಯ ತಿರುವಿನಲ್ಲಿ ನಿಂತು ಹೇಳುವವರಿದ್ದರು. ಅಮೆರ್ಲಿ ಪೆಟ್ಟಿಗೆಯನ್ನು ಸೊಂಟಕ್ಕೆ, ಟ್ಯಾಬನ್ನು ಎದೆಗೆ ಕಟ್ಟಿಕೊಂಡು ನನ್ನ ಪಕ್ಕ ನಿಂತಳು. ಹಿಂದೆ ತಳ್ಳುಗಾಡಿಯ ಮೇಲೆ ಸ್ಪೀಕರು.

ಪಕ್ಕದ ಕೇರಿಯವರು ಮೊದಲು ಹೊರಟರು. ಒಂದು ತಿಂಗಳು ಸುಮ್ಮನಿದ್ದ ಕೈಗಳು, ಹಸಿದವರಂತೆ ಡೋಲಿನ ಮೇಲೆ ಬಿದ್ದವು. ತಿರುವಿಗೆ ಬರುವಷ್ಟರಲ್ಲಿ ಅವರ ಗಂಟೆಯವನು ಯಾರ ಹಿಂದೆ ಹೋಗುವುದೆಂದು ತಿಳಿಯದೆ ಬಾರಿಸುವುದನ್ನೇ ಬಿಟ್ಟಿದ್ದ.

ನಾನು ಮೊದಲ ಪೆಟ್ಟು ಹಾಕಿದೆ. ಐದನೆಯದಕ್ಕೆ ಪೆಟ್ಟಿಗೆಯ ಡೋಲುಗಳು ಎದ್ದವು, ಅದರ ಮೇಲೆ ಹುಡುಗರ ಕೈ, ಅದರ ಮೇಲೆ ಭಾವನ ದೊಡ್ಡ ಡೋಲು, ಹೆಂಗಸರ ಹಾಡು. ಏರು ಬಂದಲ್ಲಿ ನಾನು ತುಸು ಬಿಗಿ ಹಿಡಿದೆ. ಹುಡುಗರು ಓಡಲು ನೋಡಿದರು, ಆದರೆ ಸ್ಪೀಕರಿನ ಡೋಲುಗಳು ನನ್ನನ್ನು ಬಿಟ್ಟು ಕದಲಲಿಲ್ಲ, ಅವು ಹುಡುಗರನ್ನೂ ಹಿಂದಕ್ಕೆ ಎಳೆದು ನನ್ನ ಕೈಗೆ ಕೊಟ್ಟವು. ನನ್ನ ಜನ್ಮದಲ್ಲಿ ನಮ್ಮ ತಂಡ ಹಾಗೆ ಬಾರಿಸಿದ್ದನ್ನು ನಾನು ಕೇಳಿಲ್ಲ. ಭಾವ ಒಮ್ಮೆ ಹಿಂತಿರುಗಿ ನನ್ನ ಕೈ ನೋಡಿದರು. ಆಮೇಲೆ ಕೊನೆಯವರೆಗೂ ಅಲ್ಲಿಂದ ಕಣ್ಣು ತೆಗೆಯಲಿಲ್ಲ.

ತಿರುವಿನಲ್ಲಿ ಅಜ್ಜ ಕೋಲು ಅಡ್ಡ ಹಿಡಿದು ನಮ್ಮನ್ನು ನಿಂತಲ್ಲೇ ಬಾರಿಸಲು ಹೇಳಿದರು. ಅಮೆರ್ಲಿ ಎದೆಗೆ, ಸೊಂಟಕ್ಕೆ ಕಟ್ಟಿಕೊಂಡಿದ್ದನ್ನೆಲ್ಲ ನೋಡಿ, ಇಷ್ಟು ಡೋಲುಗಳನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸುತ್ತಿರುವುದು ಈ ಪೆಟ್ಟಿಗೆಯೋ, ಆ ಹಲಗೆಯೋ, ನೀನೋ ಎಂದು ಕೇಳಿದರು. ಊರೆಲ್ಲ ನೋಡುತ್ತಿತ್ತು. ಅವಳು ತನ್ನ ಹೆಸರು ಹೇಳಿದ್ದರೂ ತಪ್ಪಿರಲಿಲ್ಲ.

“ನಾನಲ್ಲ ಅಜ್ಜ, ಇವೆರಡೂ ಅಲ್ಲ,” ಅಂದಳು. “ಎಲ್ಲಾ ನಮ್ಮಮ್ಮನ ಹಿಂದೆ ಬರ್ತಿದೆ.”

ಅಜ್ಜ ಕೋಲೆತ್ತಿ ಮುಂದಿನ ದಾರಿ ತೋರಿಸಿದರು. ಜನ ಕೂಗಿದರು, ನಮ್ಮ ಬಾವುಟ ಮುಂದಕ್ಕೆ ಹೋಯಿತು. ನನ್ನ ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯುತ್ತಿತ್ತು, ಎದುರಿನ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ನಾನು ಒಂದು ಪೆಟ್ಟು ಬಿಟ್ಟರೆ ಅಷ್ಟೂ ಡೋಲುಗಳು ನಿಂತುಹೋಗುತ್ತಿದ್ದವು.