ಹನಿ ನಿಲ್ಲುವ ತನಕ

ರಾಯಣ್ಣ ಇನ್ನೊಮ್ಮೆ ಕೀಲಿ ತಿರುಗಿಸಿದ. ಒಳಗೆಲ್ಲೋ ಟಕ್ ಎಂದು ಸದ್ದಾಗಿ ಗಾಡಿ ಮತ್ತೆ ಸುಮ್ಮನಾಯಿತು. ತನ್ನ ಗ್ಯಾರೇಜಿನಿಂದ ಬೇರೆ ಬ್ಯಾಟರಿ ತಂದು ಕಟ್ಟಿದ್ದ; ಆದರೂ ಸೆಲ್ಫ್ ಹಿಡಿಯಲಿಲ್ಲ.

ಎದುರಿಗೆ, ಮನೆಯ ಮುಂದಿನ ಕಟ್ಟೆಯ ಮೇಲೆ, ಗಾದಿಲಿಂಗಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ತಲೆಗೆ ರುಮಾಲು, ಕೊರಳಲ್ಲಿ ಚೆಂಡುಹೂವಿನ ಹಾರ. ಮುಖ ಟ್ರ್ಯಾಕ್ಸ್ ಗಾಡಿಯ ಕಡೆಗೇ ಇತ್ತು. ಆಯುಷ್ಯದ ಅರ್ಧವನ್ನು ಅದರಲ್ಲಿ ಹೊಸಪೇಟೆ–ಕಂಪ್ಲಿ ಎಂದು ಜನ ಸಾಗಿಸಿ ಕಳೆದವನು, ರಿಪೇರಿ ಮುಗಿಯಲೆಂದು ಕಾಯುತ್ತ ಕೂತಂತೆ ಕಾಣುತ್ತಿದ್ದ.

“ಆತೇನಪ್ಪ ರಾಯಣ್ಣ?” ಎಂದು ಎರ್ರೆಪ್ಪ ಕೇಳಿದ. ಅವನೂ ಅದೇ ದಾರಿಯಲ್ಲಿ ಗಾಡಿ ಹೊಡೆದು ಮುದುಕನಾದವನು. “ಹೊತ್ತು ಮುಳುಗೂದ್ರೊಳಗ ಮಣ್ಣು ಮಾಡ್ಬೇಕು. ಆಗ್ಲಿಲ್ಲಂದ್ರ ಇಲ್ಲೇ ಚಿತ್ತವಾಡ್ಗಿ ಸ್ಮಶಾನಕ್ಕ ಒಯ್ಯೂನು. ನಾಕು ಹೆಗಲು ಸಾಕು, ಗಾಡಿನೂ ಬ್ಯಾಡ.”

“ಬ್ಯಾಡ ಕಾಕಾ,” ಎಂದಳು ಲಲಿತಾ. ಸಂಡೂರಿನಿಂದ ಬೆಳಗ್ಗೆ ಬಂದಿದ್ದ ಒಬ್ಬಳೇ ಮಗಳು. ಅತ್ತು ಅತ್ತು ದನಿ ಕೂತಿತ್ತು. “ಅವ್ವ ಪಾಪಿನಾಯಕನಹಳ್ಳಿ ಹೊಲದಾಗ ಅದಾಳ. ಆಕೀನ ಒಯ್ದಿದ್ದು ಇದ ಗಾಡ್ಯಾಗ. ಅಪ್ಪನೂ ಇದರಾಗ ಹೋಗ್ಬೇಕು, ಆಕಿ ಬಾಜೂಕ ಮಲಗಬೇಕು. ಜಲ್ಮದಾಗ ಅಂವ ಕೇಳಿದ್ದು ಅದೊಂದ.”

“ಕೇಳೋ ಮನಿಷಾ ಎಲ್ಲಿದ್ದ ಬಿಡವ್ವ,” ಎಂದಳು ಪಕ್ಕದ ಮನೆಯ ಕರೆಮ್ಮ. ಬೆಳಗ್ಗೆ ಬಾಗಿಲು ತೆರೆಯದ್ದನ್ನು ಕಂಡು ಕೂಗಿ ಜನ ಸೇರಿಸಿದವಳು ಅವಳೇ. “ಗೋಡಿಗೆ ಗೋಡಿ ಹತ್ತೈತಿ, ಒಂದಿನ ಬಂದು ಕುಂತವನಲ್ಲ. ಚಾ ಕುಡಿಯಾಕ ಬಾರಣ್ಣ ಅಂದ್ರ, ಕೆಲ್ಸಿಲ್ದ ಒಬ್ಬರ ಬಾಗಲಕ್ಕ ಹ್ಯಾಂಗ ಬರ್ಲಿ ಅಂತಿದ್ದ. ಅದೊಂದು ನೇಮ ಅವಂದು.”

“ಹತ್ತು ಮಂದಿ ಗಾಡ್ಯಾಗ ಇಪ್ಪತ್ತೈದು ಮಂದಿ ತುಂಬತಿದ್ದ, ಟಾಪಿನ ಮ್ಯಾಲೆ ಕುರಿ ಬ್ಯಾರೆ,” ಎಂದ ಎರ್ರೆಪ್ಪ. “ಆಗೆಲ್ಲಿ ಹೋಗಿತ್ತೋ ನೇಮ.”

ಇಬ್ಬರು ಮೂವರು ನಕ್ಕರು. ಕಟ್ಟೆಯ ಕಡೆ ಕಣ್ಣು ಹೋದದ್ದೇ ಬಾಯಿಗೆ ಟವೆಲು ಒತ್ತಿಕೊಂಡರು.

ರಾಯಣ್ಣ ನಗಲಿಲ್ಲ. ಟಯರುಗಳಿಗೆ ಗಾಳಿ ತುಂಬಿದ್ದಾಗಿತ್ತು. ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿಯನ್ನು ತೆಗೆದದ್ದೂ ಆಗಿತ್ತು. ಇನ್ನು ಇಂಜಿನ್ನಿನ ಎಣ್ಣೆ ನೋಡಬೇಕಿತ್ತು. ಬಾನೆಟ್ಟಿನ ಕೆಳಗೆ ಕೈ ಹಾಕಿದ.

*

ಹೆಂಡತಿ ಉಚ್ಚೆಂಗಮ್ಮ ತೀರಿಕೊಂಡು, ಕಣ್ಣು ಮಂದವಾಗಿ, ಬಾಡಿಗೆ ಹೊಡೆಯುವುದನ್ನು ಬಿಟ್ಟ ಮೇಲೂ ಗಾದಿಲಿಂಗಪ್ಪ ಗಾಡಿ ಮಾರಲಿಲ್ಲ. ಅದರ ಮೀಟರು ಎಂದೋ ನಿಂತುಹೋಗಿತ್ತು. ಎಷ್ಟು ಓಡಿದೆಯೆಂದು ಅವನಿಗೂ ಗೊತ್ತಿರಲಿಲ್ಲ. ಅದನ್ನೇ ಮೆಲ್ಲಗೆ ನಡೆಸಿಕೊಂಡು ಕಂಪ್ಲಿ ರಸ್ತೆಯ ರಾಯಣ್ಣನ ಗ್ಯಾರೇಜಿಗೆ ಬರುತ್ತಿದ್ದ. ಪಕ್ಕದ ಕೊಟ್ರಯ್ಯನ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಮಂದ ಎಣ್ಣೆಯ ಡಬ್ಬಿ ಕೊಂಡು, ಅದನ್ನು ಎದೆಗೆ ಒತ್ತಿಕೊಂಡು ಒಳಗೆ ಬರುವನು.

“ಎಣ್ಣಿ ಬದ್ಲಿ ಮಾಡಪ್ಪ ರಾಯಣ್ಣ.”

ರಾಯಣ್ಣ ಹಳೆಯ ಎಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡುವನು. “ಇನ್ನಾ ದಮ್ಮೈತಣ್ಣ ಇದರಾಗ.”

“ಹಳೇ ಜೀವ ಅದು. ತಡಾ ಮಾಡಬಾರ್ದು.”

ತಳದ ಬೋಲ್ಟು ಬಿಚ್ಚಿದರೆ ಕರಿ ಎಣ್ಣೆ ಧಾರೆಯಾಗಿ ಸುರಿದು, ದಾರವಾಗಿ, ಆಮೇಲೆ ಹನಿಯಾಗುತ್ತಿತ್ತು. ಬೇರೆಯವರದಾದರೆ ರಾಯಣ್ಣ ಅಷ್ಟಕ್ಕೇ ಬೋಲ್ಟು ಬಿಗಿಯುವನು. ಗಾದಿಲಿಂಗಪ್ಪ ಬಿಡುತ್ತಿರಲಿಲ್ಲ. “ಹನಿ ನಿಲ್ಲೋ ತನಕ ಬಿಡಪ್ಪ. ತಳದಾಗಿಂದು ಹೋದ್ರನ ಹೋದಂಗ,” ಎಂದು ಮೂಲೆಯ ಕಬ್ಬಿಣದ ಸ್ಟೂಲು ಎಳೆದುಕೊಂಡು ಕೂರುವನು.

ಕೂತು ಹಳೆಯ ಸವಾರಿಗಳ ಕತೆ ಹೇಳುವನು: ರಾಮಸಾಗರದ ತಿರುವಿನಲ್ಲಿ ಗಾಡಿಯೊಳಗೇ ಹೆತ್ತ ಹೆಂಗಸು, ಹುಂಜಕ್ಕೂ ಟಿಕೇಟು ಕೊಡೆಂದು ಜಗಳ ತೆಗೆದ ಮುದುಕ. ಕೇಳುವವರು ಸುತ್ತಿಗೆಯ ಸದ್ದಿನ ನಡುವೆ ಹೂಂ ಎಂದರೂ ಆಯಿತು, ಅನ್ನದಿದ್ದರೂ ಆಯಿತು. ಕತೆ ತೀರಿದರೆ, ಶ್ರಾವಣದಲ್ಲಿ ಮಠದ ಪುರಾಣಕ್ಕೆ ಕೂತು ಕೇಳಿ ಬಾಯಿಗೆ ಬಂದ ಪದಗಳನ್ನು ಗುನುಗುವನು. ತಟ್ಟೆಗೆ ಬೀಳುವ ಹನಿಯೇ ಅದಕ್ಕೆ ತಾಳ. ಹನಿ ನಿಧಾನವಾದಂತೆ ಪದವೂ ನಿಧಾನವಾಗುತ್ತಿತ್ತು. ಕೊನೆಯ ಹನಿ ಬಿದ್ದು, ಇನ್ನೊಂದು ಬರುವುದೇನೋ ಎಂದು ಸ್ವಲ್ಪ ಕಾದು, ಏಳುವನು. ತಿಂಗಳು ತುಂಬುವುದರೊಳಗೆ ಮತ್ತೆ ಬರುವನು.

*

ರಾಯಣ್ಣ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಬಿಸಿಲಿಗೆ ಹಿಡಿದ.

ಡೀಸೆಲ್ ಇಂಜಿನ್ನು ನಾಲ್ಕು ದಿನ ಓಡಿದರೂ ಸಾಕು, ಎಣ್ಣೆ ಕಾಡಿಗೆಯಾಗುತ್ತದೆ. ಇದು ಸೋಸಿಟ್ಟ ಬೆಲ್ಲದ ಪಾಕದಂತೆ ತಿಳಿಯಾಗಿತ್ತು. ಬಟ್ಟೆಯಲ್ಲಿ ಒರೆಸಿ, ಅದ್ದಿ, ಮತ್ತೆ ಎಳೆದ. ಅದೇ ಬಣ್ಣ. ಕಳೆದ ಸಲ ಎಣ್ಣೆ ಬದಲಿಸಿಕೊಂಡು ಗ್ಯಾರೇಜಿನಿಂದ ಮನೆಗೆ ಬಂದು ನಿಂತ ಗಾಡಿ ಆಮೇಲೆ ಎಲ್ಲಿಗೂ ಹೋಗಿರಲಿಲ್ಲ.

*

ಹೋದ ವರ್ಷದ ಯುಗಾದಿ ಆದ ಹೊಸತು. ಭತ್ತದ ಕೊಯ್ಲಿನ ಕಾಲ. ಗ್ಯಾರೇಜಿನ ತುಂಬ ಟ್ರ್ಯಾಕ್ಟರುಗಳು. ಅವುಗಳ ನಡುವೆ ಮುದುಕ ಡಬ್ಬಿ ಹಿಡಿದು ನಿಂತಿದ್ದ. ರಾಯಣ್ಣನಿಗೆ ಬೇಸರವೂ ಆಯಿತು, ಅಯ್ಯೋ ಅಂತಲೂ ಅನ್ನಿಸಿತು.

“ಅಣ್ಣ, ಈ ಸಲ ಸಿಂಥೆಟಿಕ್ ಎಣ್ಣಿ ಹಾಕೂನು. ಭಾಳ ಓಡಿದ ಇಂಜಿನ್ನಿಗೇ ಅಂತ ಬಂದೈತಿ. ಜಲ್ದಿ ಕೆಡಂಗಿಲ್ಲ.”

“ಅದು ನೀರಿನಂಗ ತೆಳ್ಳಗಿರ್ತತಂತ. ಹಳೇ ಸೀಲಿನ್ಯಾಗ ಸೋರ್ತತಿ.”

“ನಿಮ್ಮದರಷ್ಟ ಮಂದ ಇದ್ದಿದ್ದು ಸಿಗ್ತತಿ. ಸೀಲೂ ಹೊಸಾವು ಹಾಕ್ತೀನಿ.”

“ಒಳಗಿನ ಹೊಲಸೆಲ್ಲ ಕಿತ್ಗಂಡು ಬಂದು ಎಲ್ಯಾರ ಕಟ್ಟಿದ್ರ?”

“ಮೊದ್ಲು ಎರಡು ಸಲ ತೊಳದ ಹಾಕ್ತೀನಿ, ಸಾಕಾ?”

“ತುಟ್ಟಿ ಬಿಡಪ್ಪ.”

ಕೊಟ್ರಯ್ಯ ತನ್ನ ಗಲ್ಲಾಪೆಟ್ಟಿಗೆಯಿಂದಲೇ ಕೂಗಿದ. “ವರ್ಷಕ್ಕ ಹಿಡದ್ರ ಸೋವಿನ ಬೀಳ್ತತಿ ನೋಡ್ರಿ. ಮತ್ತ ತಿಂಗ್ಳಾ ತಿಂಗ್ಳಾ ಬರೋ ತ್ರಾಸ ತಪ್ಪತೈತಿ.”

ಗಾದಿಲಿಂಗಪ್ಪ ಕೈಯೊಳಗಿನ ಡಬ್ಬಿ ನೋಡಿದ.

“ಹಂಗಾದ್ರ ಮತ್ತ ಯಾವಾಗ ಬರ್ಲಿ?” ಎಂದು ಕೇಳಿದ.

“ಮುಂದಿನ ಯುಗಾದಿಗೆ ಬರ್ರಿ. ಅಲ್ಲೀತನಕ ಆರಾಮ ಮನ್ಯಾಗಿರ್ರಿ.”

ಒಳ್ಳೆಯದು ಮಾಡಿದೆನೆಂದೇ ರಾಯಣ್ಣ ನಕ್ಕು ಹೇಳಿದ್ದ. ಮುದುಕ ಆ ದಿನವೂ ಕೊನೆಯ ಹನಿಯ ತನಕ ಕೂತ. ಕತೆ ಹೇಳಲಿಲ್ಲ. ಎದ್ದು, ಹೆಗಲ ಮೇಲಿನ ಟವೆಲಿನಿಂದ ಸ್ಟೂಲು ಒರೆಸಿ, ಅದನ್ನು ಗೋಡೆಗೆ ಸರಿಸಿ ಇಟ್ಟು ಹೋದ. ಎರಡು ದಿನಕ್ಕೆ ಅದರ ಮೇಲೆ ಯಾರೋ ಗ್ರೀಸಿನ ಡಬ್ಬಿಗಳನ್ನು ಪೇರಿಸಿದರು.

*

“ಎಣ್ಣಿ ಹೆಂಗೈತಿ?” ಎಂದ ಎರ್ರೆಪ್ಪ.

“ಐತಿ.” ರಾಯಣ್ಣ ಕಡ್ಡಿಯನ್ನು ಒಳಗಿಟ್ಟ. “ದಬ್ಬೂನು ಬರ್ರಿ.”

ಗಾದಿಲಿಂಗಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಧೋತರದಿಂದ ಕಟ್ಟಿದರು. ಕಟ್ಟೆಯ ಬಳಿ ಹಾಡುತ್ತಿದ್ದ ಭಜನೆಯವರು ತಾಳಗಳನ್ನು ಜೇಬಿಗೆ ಹಾಕಿಕೊಂಡು ಗಾಡಿಗೆ ಕೈ ಕೊಟ್ಟರು. ಓಣಿ ಕಾಲುವೆಯ ಕಡೆಗೆ ಸ್ವಲ್ಪ ಇಳಿಜಾರಾಗಿತ್ತು.

“ಲೇ ಗಾದಿಲಿಂಗ,” ಎಂದು ಎರ್ರೆಪ್ಪ ದಬ್ಬುತ್ತಲೇ ಏದುಸಿರಿನಲ್ಲಿ ಬೈದ, “ಸತ್ತ ಮ್ಯಾಲೂ ನಮ್ ಕೈಲೆ ದಬ್ಬಸ್ತಿಯಲ್ಲಲೇ.” ಬೈದವನ ಕಣ್ಣು ತುಂಬಿತ್ತು.

ಇಳಿಜಾರಿನ ಕೊನೆಯಲ್ಲಿ ರಾಯಣ್ಣ ಕ್ಲಚ್ಚು ಬಿಟ್ಟ. ಗಾಡಿ ಜಗ್ಗಿತು, ಕೆಮ್ಮಿತು, ಬಿಳಿ ಹೊಗೆ ಉಗುಳಿ ಜೀವ ಹಿಡಿಯಿತು. ಅದರ ದನಿ ಅಷ್ಟು ಮೆತ್ತಗಿದ್ದದ್ದನ್ನು ಅವನು ಎಂದೂ ಕೇಳಿರಲಿಲ್ಲ.

ಲಲಿತಾ ಮುಂದೆ ಅವನ ಪಕ್ಕದಲ್ಲಿ ಕೂತಳು. ಬಳ್ಳಾರಿ ರಸ್ತೆಗೆ ಬಂದ ಮೇಲೆ, ಅದಿರಿನ ಲಾರಿಗಳು ಹಾದುಹೋದ ಕೆಂಪು ಧೂಳಿನಲ್ಲಿ, ಮೆಲ್ಲಗೆ ಮಾತಾಡಿದಳು.

“ಗಾಡಿ ಕೆಟ್ಟೈತಿ ಅನ್ಕಂಡಿದ್ದೆ ಮಾಮ. ಮೊದ್ಲು ನಿಮ್ಮಲ್ಲಿ ಎಣ್ಣಿ ಬದ್ಲಿ ಮಾಡಿಸಿದ ಮರುದಿನ ಸಂಡೂರಿಗೆ ಬರೋನು. ಹೆಂಗ ಓಡ್ತತಿ ನೋಡಾಕ ಬಂದೆವ್ವ, ಅನ್ನೋನು. ಉಂಡು ಹೋಗೋನು. ಈ ವರ್ಷ ಒಮ್ಮೆನೂ ಬರ್ಲಿಲ್ಲ.”

ರಾಯಣ್ಣ ರಸ್ತೆ ನೋಡುತ್ತಿದ್ದ.

“ಫೋನ್ ಮಾಡಿದಾಗೆಲ್ಲ ಒಂದ ಮಾತು. ಯುಗಾದಿ ಎಂದೈತವ್ವ, ಕ್ಯಾಲೆಂಡರ್ ನೋಡಿ ಹೇಳು. ನಾ ಹಬ್ಬಕ್ಕ ಬರ್ಲಿ ಅಂತ ಕೇಳ್ತಾನ ಅನ್ಕಂಡು, ಬರ್ತೀನಿ ಬಿಡಪ್ಪ ಅಂತಿದ್ದೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಹಬ್ಬ ಅಂದ್ರ ಅಪ್ಪಗ ಇಷ್ಟು ಆಸಿ ಇತ್ತಂತ ನಂಗ ಗೊತ್ತ ಇರ್ಲಿಲ್ಲ.”

ಗಾಡಿ ಏರು ಹತ್ತುತ್ತಿತ್ತು. ರಾಯಣ್ಣ ಗೇರು ಬದಲಿಸಿದ. ಕನ್ನಡಿಯಲ್ಲಿ ಚೆಂಡುಹೂವಿನ ಹಾರ ಅಲುಗುತ್ತಿತ್ತು.

“ಇತ್ತವ್ವ,” ಎಂದ.

*

ಹೊತ್ತು ಮುಳುಗುವ ಮೊದಲೇ ಉಚ್ಚೆಂಗಮ್ಮನ ಪಕ್ಕದಲ್ಲಿ ಮಣ್ಣು ಮುಚ್ಚಿದರು. ತಿರುಗಿ ಬಂದ ಮೇಲೆ ಲಲಿತಾ ಗಾಡಿಯ ಕೀಲಿಯನ್ನು ರಾಯಣ್ಣನ ಕೈಯಲ್ಲೇ ಬಿಟ್ಟಳು.

ಅಂಗಡಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಟ್ರ್ಯಾಕ್ಸ್ ಗ್ಯಾರೇಜಿನೊಳಗೆ ಬಂದು ನಿಂತಿತು. ರಾಯಣ್ಣ ಅದರ ಕೆಳಗೆ ತಟ್ಟೆ ಸರಿಸಿ, ತಳದ ಬೋಲ್ಟಿಗೆ ಪಾನಾ ಹಾಕಿದ. ಅಗರಬತ್ತಿ ಬೆಳಗುತ್ತಿದ್ದ ಕೊಟ್ರಯ್ಯ ಹೊರಗೆ ಇಣುಕಿದ.

“ಯಾಕಲೇ ರಾಯಣ್ಣ, ಅದರಾಗ ಎಣ್ಣಿ ಇನ್ನಾ ಚಲೋ ಇರ್ಬೇಕಲ್ಲ?”

“ಬದ್ಲಿ ಮಾಡ್ಬೇಕು,” ಎಂದ ರಾಯಣ್ಣ.

ಎಣ್ಣೆ ಬಿಸಿಯಾಗಿ ಸುರಿಯಿತು. ಒಂದು ಸಲ ಹೋಗಿ ಬಂದದ್ದಕ್ಕೇ ಬೆಲ್ಲದ ಬಣ್ಣ ಕಪ್ಪಿಗೆ ತಿರುಗತೊಡಗಿತ್ತು. ಧಾರೆ ಸಣ್ಣಗಾಗುವಷ್ಟರಲ್ಲಿ ಅವನು ಮೂಲೆಗೆ ಹೋಗಿ, ಗ್ರೀಸಿನ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿ, ಸ್ಟೂಲನ್ನು ಟವೆಲಿನಿಂದ ಒರೆಸಿ, ತಂದು ಮೊದಲಿನ ಜಾಗದಲ್ಲಿ ಇಟ್ಟ. ತಾನು ಅದರ ಪಕ್ಕ ನೆಲದ ಮೇಲೆ ಕೂತ.

ಹೊರಗಿನಿಂದ ಯಾರೋ ಕರೆದರು. ತಡಿ ಎಂದು ಕೈ ಮಾಡಿದ. ದಾರ ಕಡಿದು ಹನಿಯಾಯಿತು. ಒಂದು ಬಿತ್ತು. ಬಹಳ ಹೊತ್ತಿನ ಮೇಲೆ ಇನ್ನೊಂದು.