ಹೊರಗಿದ್ದಾಳೆ

ಬೀಗ ಹಾಕಿದ ಮೇಲೂ ತಿರುಗಿ ಬಂದು ಎಳೆದು ನೋಡುವ ಜಾಯಮಾನ ತಿಮ್ಮರಾಯಪ್ಪನದು. ಹಗಲು ಜವಾನನ ಕೆಲಸ ಮಾಡಿ, ಸಂಜೆ ಶಾಲೆಯಲ್ಲಿ ಓದಿ, ತಡವಾಗಿ ಗುಮಾಸ್ತನಾದವನು. ಅಕ್ಷರದ ಮೇಲೆ ಅವನಿಗೆ ಭಕ್ತಿ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು. ಬರೆದದ್ದನ್ನು ಮತ್ತೆ ಮತ್ತೆ ಓದದೆ ಒಂದು ಕಾಗದವನ್ನೂ ಮೇಲಕ್ಕೆ ಕಳಿಸುತ್ತಿರಲಿಲ್ಲ. ಅಂಥವನ ಒಂದು ಸಾಲು ಒಬ್ಬ ಬಾಣಂತಿಯನ್ನು ಸಮುದ್ರದಾಚೆ ಅಟ್ಟುವ ಹಂತಕ್ಕೆ ಬಂದಿದೆಯೆಂಬುದು ಗೊತ್ತಾದದ್ದು, ಜುಂಜಣ್ಣ ತಾಲ್ಲೂಕು ಕಚೇರಿಯ ಕಿಟಕಿಗೆ ಮುಖ ಕೊಟ್ಟು ನಿಂತಾಗ.

"ಏನು ಬರ್ದ್ರಿ ಸ್ವಾಮಿ ನೀವು? ಪೊಲೀಸ್ನೋರು ಬಂದಿದ್ರು. ಶನಿವಾರದೊಳಗೆ ರಾಮೇಶ್ವರಕ್ಕೆ ಕರ್ಕಂಡೋಗಿ ಹಡಗು ಹತ್ತುಸ್ಬೇಕಂತೆ ನನ್ನ ಹೆಂಡ್ರನ್ನ."

ಜುಂಜಣ್ಣ ಮಾಡದಕೆರೆ ಕಡೆಯ ಗೊಲ್ಲರ ಹಟ್ಟಿಯವನು, ಕುರಿ ಕಾಯುವವನು. ಅವನ ಹೆಂಡತಿ ಚಿತ್ತಮ್ಮ ಹುಟ್ಟಿದ್ದು ಸಿಲೋನಿನಲ್ಲಿ. ಅವಳಪ್ಪ ಗೊಲ್ಲಪ್ಪ ಹರೆಯದಲ್ಲಿ ಹಟ್ಟಿ ಬಿಟ್ಟು, ಯಾರೋ ಮೇಸ್ತ್ರಿಯ ಹಿಂದೆ ಹೋಗಿ, ಅಲ್ಲಿನ ಚಹಾ ತೋಟದ ದೊರೆಯ ಹಸುಗಳನ್ನು ಕಾಯ್ದುಕೊಂಡು ಅಲ್ಲೇ ಹೆಣ್ಣು ತಂದು ಅಲ್ಲೇ ಸತ್ತಿದ್ದ. ಅಪ್ಪನ ಮಣ್ಣು ನೋಡುತ್ತೇನೆಂದು ಮಗಳು ಆ ದೇಶದ ಪಾಸ್‌ಪೋರ್ಟಿನಲ್ಲಿ ಬಂದಳು. ಸೋದರತ್ತೆ ಜಯಕ್ಕ ಅವಳನ್ನು ತನ್ನ ಮಗ ಜುಂಜಣ್ಣನಿಗೆ ತಂದುಕೊಂಡಳು. ಇರಲು ಕೊಟ್ಟ ಅವಧಿ ಮುಗಿಯಿತು. ಮುಂದುವರಿಸಲು ನಿಯಮವಿಲ್ಲವೆಂದು ಉತ್ತರ ಬಂತು. ಉಳಿದದ್ದು ಒಂದೇ ದಾರಿ: ನಿಯಮವನ್ನು ಬದಿಗಿಟ್ಟು, ವಿಶೇಷ ಪ್ರಕರಣವೆಂದು ಕರುಣೆ ತೋರಿಸಿ ಅಂತ ದೆಹಲಿ ಸರ್ಕಾರವನ್ನು ಕೇಳಿಕೊಳ್ಳುವುದು. ಅರ್ಜಿ ಚಿತ್ರದುರ್ಗದ ಜಿಲ್ಲಾ ಕಚೇರಿಗೆ ಹೋಯಿತು. ಅವಳು ನಿಜವಾಗಿ ಗಂಡನೊಡನೆ ಬಾಳುತ್ತಿದ್ದಾಳೋ, ಕಾಗದಕ್ಕಾಗಿ ಕಟ್ಟಿಕೊಂಡ ಮದುವೆಯೋ ನೋಡಿ ತಿಳಿಸಿ ಎಂದು ಅಲ್ಲಿಂದ ಕೇಳಿದರು. ನೋಡಲು ಹೋದವನು ತಿಮ್ಮರಾಯಪ್ಪ.

ಹೋಗಿದ್ದ. ಹಟ್ಟಿಯಲ್ಲಿ ಗಂಡಸರಿರಲಿಲ್ಲ. ಬಾಗಿಲಲ್ಲಿ ಜಯಕ್ಕ ರಾಗಿ ಕೇರುತ್ತಿದ್ದಳು.

"ಚಿತ್ತಮ್ಮ ಮನೇಲಿದಾಳೇನಮ್ಮ?"

"ಇಲ್ಲಪ್ಪ. ಹೊರಗದಾಳೆ."

"ಯಾವಾಗಿಂದ?"

"ತಿಂಗಳ ಮ್ಯಾಲಾತು."

"ಯಾವಾಗ ಬರ್ತಾಳೆ?"

"ಅದು ನನ್ನ ಕೈಲೈತಾ? ದೇವ್ರು ಒಪ್ಪಬೇಕಲ್ಲ."

ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದಿತ್ತು. ಅವನು ಓಡಿದ್ದ. ಕಚೇರಿಗೆ ಬಂದು ಬರೆದಿದ್ದ: 'ಅರ್ಜಿದಾರಳು ಗಂಡನ ಮನೆಯಲ್ಲಿ ವಾಸವಿರುವುದಿಲ್ಲ. ತಿಂಗಳಿಗೂ ಮೇಲ್ಪಟ್ಟು ಹೊರಗಿದ್ದಾಳೆ. ಹಿಂದಿರುಗುವ ಬಗ್ಗೆ ಮನೆಯವರಿಗೆ ಖಚಿತವಿಲ್ಲ.' ಓದಿ ನೋಡಿದ್ದ. ಒಂದು ಕಾಗುಣಿತವೂ ತಪ್ಪಿರಲಿಲ್ಲ.

"ಹೊರಗೆ ಅಂದ್ರೆ ಹಟ್ಟಿ ಹೊರಗೆ ಸ್ವಾಮಿ!" ಜುಂಜಣ್ಣ ಕಿಟಕಿಯ ಸರಳು ಹಿಡಿದುಕೊಂಡ. "ಗುಡ್ಲಲ್ಲಿ. ಹೆತ್ತೋರು ಮನೇಲಿರ್ತಾರಾ ನಮ್ಮಲ್ಲಿ?"

ಹಿಂದಿನ ಮೇಜಿನಿಂದ ಕಾಟಲಿಂಗಪ್ಪ ಗಹಗಹಿಸಿ ನಕ್ಕ. "ಲೇ ತಿಮ್ಮರಾಯಪ್ಪ, ಸೀಮೆಗೆಲ್ಲ ಗೊತ್ತಿರೋದು ನಿಂಗೊಬ್ಬನಿಗೆ ಗೊತ್ತಿಲ್ವಾ? ಹಿರಿಯೂರು ಪೇಟೇಲಿ ಬರೀ ವಗ್ಗರಣೆ ಮಂಡಕ್ಕಿ ತಿನ್ಕಂಡು ಬೆಳೆದ್ಯಾ?"

ತಿಮ್ಮರಾಯಪ್ಪನಿಗೆ ನಗು ಬರಲಿಲ್ಲ. ಬರೆದದ್ದು ಸುಳ್ಳಲ್ಲ, ಆದರೆ ನಿಜವೂ ಆಗಿರಲಿಲ್ಲ. ಮತ್ತೊಮ್ಮೆ ಕೇಳದೆ, ನೋಡದೆ ಹಾಗೆಲ್ಲ ಬರೆಯಬಾರದೆಂದು ಗೊತ್ತಿತ್ತು. ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ.

"ನಡಿ ಜುಂಜಣ್ಣ, ಹೋಗಾಣ" ಎಂದ.

ಹಟ್ಟಿಯ ಮುಳ್ಳುಬೇಲಿಯ ಆಚೆ ಕುರಿಮರಿ ಕವುಚಿಡುವಂಥ ಒಂದು ಹುಲ್ಲು ಗುಡಿಸಲು. ನಿಂತರೆ ತಲೆ ತಾಗುತ್ತಿತ್ತು. ಒಳಗೆ ಕಂಬಳಿ ಹೊದ್ದು ಚಿತ್ತಮ್ಮ, ಮಡಿಲಲ್ಲಿ ಮಗು. ಮಗು ಕೆಮ್ಮಿತು. ಅದು ಕೆಮ್ಮಿದಾಗಲೆಲ್ಲ ಅವಳ ಕೈ ತಾನಾಗಿ ಅದರ ಎದೆಯ ಮೇಲೆ ಬೀಳುತ್ತಿತ್ತು.

"ಇಲ್ಲಿ ಕೂರ್ಸಿದ್ದಕ್ಕೆ ನಾನು ಅಳ್ಲಿಲ್ಲ ಸ್ವಾಮಿ" ಎಂದಳು. ಅವಳ ಕನ್ನಡದಲ್ಲಿ ತಮಿಳಿನ ಎಳೆತವಿತ್ತು. "ಹಟ್ಟಿ ಹೆಣ್ಣು ಅಂತ ಲೆಕ್ಕಕ್ಕೆ ತಗೊಂಡ್ರಲ್ಲ. ಚಳಿಗೆ ಮಾತ್ರ ಅತ್ತಿದೀನಿ."

ದೂರದಲ್ಲೇ ಮುದ್ದೆಯ ತಟ್ಟೆ ಇಟ್ಟು ಸರಿದು ನಿಂತಿದ್ದ ಜಯಕ್ಕ ಅವನನ್ನು ದುರುಗುಟ್ಟಿ ನೋಡಿದಳು. "ಹೊರಗಿನೋಳಾಗಿದ್ರೆ ಹೊರಗ್ಯಾಕೆ ಕೂರುಸ್ತಿದ್ವಿ, ಹೇಳಪ್ಪ? ನಿನ್ನ ಹೆಂಡ್ತಿ ಬಂದು ಇಲ್ಲಿ ಹೆತ್ರೆ ನಮ್ ದೇವ್ರಿಗೇನು ಮೈಲಿಗೆ? ನಮ್ಮೋಳಾದ್ರೆ ತಾನೇ ಮೈಲಿಗೆ? ಇವಳ ತಾಯಿ ಯಾವ ಕುಲದೋಳೋ ಅಂತ ಹಟ್ಟಿ ಗಂಡಸ್ರು ಕುಂತಲ್ಲಿ ನಿಂತಲ್ಲಿ ಆಡ್ಕಂತಿದ್ರು. ಗುಡ್ಲು ಹಾಕಾಕೆ ಒಪ್ಪಿದ ದಿನ ಎಲ್ಲಾರ ಬಾಯೂ ಮುಚ್ಚಿತು."

ತಿಮ್ಮರಾಯಪ್ಪ ಆ ಮಾತನ್ನು ಮನಸ್ಸಿನಲ್ಲೇ ಹಿಡಿದುಕೊಂಡ, ಚೆಲ್ಲಿಹೋದೀತೆಂಬಂತೆ.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಚಿತ್ರದುರ್ಗದ ಬಸ್ಸು ಹತ್ತಿದರು. ಹೊಳಲ್ಕೆರೆಯಲ್ಲಿ ಡ್ರೈವರು ಚಹಾಕ್ಕೆ ಇಳಿದವನು ಬರಲೇ ಇಲ್ಲ. ತಿಮ್ಮರಾಯಪ್ಪ ಇಳಿದ, ಹತ್ತಿದ, ಮತ್ತೆ ಇಳಿದು ಹೋಟೆಲಿನೊಳಗೆ ಇಣುಕಿದ.

"ಕುಂತ್ಕಳ್ರಿ ಸ್ವಾಮಿ" ಎಂದ ಜುಂಜಣ್ಣ. "ನೀವು ಹತ್ತಿ ಇಳಿದ್ರೆ ಬಸ್ಸು ಹೋಗಾಕಿಲ್ಲ."

ಚಿತ್ರದುರ್ಗದ ಕಚೇರಿಯಲ್ಲಿ ಈ ಕಡತ ನೋಡುತ್ತಿದ್ದವರು ಗೋವಿಂದಯ್ಯನವರು. ನಿವೃತ್ತಿಗೆ ಹತ್ತಿರವಾದ, ಮಾತು ಕಡಿಮೆಯ ಅಧಿಕಾರಿ. ಎಲ್ಲ ಕೇಳಿ ಕನ್ನಡಕ ತೆಗೆದರು.

"ವರದಿ ತಪ್ಪು ಅಂತ ನೀನೇ ಬರೆದುಕೊಡ್ತೀಯೇನಯ್ಯ? ನಿನ್ನ ನೌಕರಿಗೇ ಕುತ್ತು ಬಂದೀತು."

"ತಪ್ಪು ಬರೀಲಿಲ್ಲ ಸಾರ್. ಅರ್ಧ ಬರೆದೆ."

"ನೋಡು, ಇದು ಹಕ್ಕಿನ ಮಾತಲ್ಲ. ಕೊಡಬೇಕು ಅಂತ ಎಲ್ಲೂ ಇಲ್ಲ, ಕೊಡಬಹುದು ಅಂತಷ್ಟೇ ಇದೆ. ಆ 'ಬಹುದು' ಅನ್ನೋದಕ್ಕೆ ಒಂದು ಕಾರಣ ಬೇಕು. ಎಲ್ಲರಿಗೂ ಇರೋ ಕಾರಣ ಆಗಲ್ಲ. ಇವಳಿಗೆ ಮಾತ್ರ ಇರೋದು ಬರಿ."

ಹಳೆಯ ಕಾಗದವೊಂದನ್ನು ಮುಂದೆ ತಳ್ಳಿದರು. ಅದರ ತಲೆಯಲ್ಲಿ ಅಚ್ಚಾಗಿದ್ದ ಮೈಸೂರು ಎಂಬುದನ್ನು ಹೊಡೆದುಹಾಕಿ, ರಾಜ್ಯದ ಹೊಸ ಹೆಸರು ಕರ್ನಾಟಕ ಎಂದು ಮಾಡಿ ತಿಮ್ಮರಾಯಪ್ಪ ಬರೆದ. 'ಅರ್ಜಿದಾರಳು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಬಾಣಂತನ ಮಾಡಿಕೊಳ್ಳುತ್ತಿದ್ದಾಳೆ. ಪರರಿಗೆ ಈ ಕಟ್ಟಳೆ ಇಲ್ಲ. ಆದ್ದರಿಂದ ಆ ಗುಡಿಸಲೇ ಅವಳನ್ನು ಈ ಜನ ತಮ್ಮವಳೆಂದು ಒಪ್ಪಿದ್ದಕ್ಕೆ ಸಾಕ್ಷಿ.' ಬರೆಯುವಾಗ ಕಿವಿಯಲ್ಲಿ ಆ ಕೆಮ್ಮು ಕೇಳಿಸುತ್ತಲೇ ಇತ್ತು. ಎರಡು ಸಲ ಓದಿ ಸಹಿ ಹಾಕಿದ.

ಗೋವಿಂದಯ್ಯ ಕಡತ ಹಿಡಿದು ಸಾಹೇಬರ ಕೋಣೆಗೆ ಹೋಗಿ, ಬಹಳ ಹೊತ್ತಾದ ಮೇಲೆ ಹೊರಬಂದರು. "ದೆಹಲಿಯಿಂದ ಉತ್ತರ ಬರೋವರೆಗೂ ಅವಳನ್ನ ಯಾರೂ ಕದಲಿಸಬಾರದು ಅಂತ ಆಗಿದೆ. ಶಿಫಾರಸು ಹೋಗುತ್ತೆ. ಆದರೆ ಇನ್ನೊಬ್ಬರು ಬಂದು ನಿನ್ನ ಗುಡಿಸಲು ನೋಡ್ತಾರೆ, ತಿಳೀತಾ?"

ಜುಂಜಣ್ಣ ದಾರಿಯುದ್ದಕ್ಕೂ ಮಾತಾಡಿದ. ತಿಮ್ಮರಾಯಪ್ಪ ಹೂಂಗುಟ್ಟಿದ ಅಷ್ಟೇ.

ಹಟ್ಟಿ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಸುದ್ದಿ ಕೇಳಿ ಚಿತ್ತಮ್ಮ ಕಂಬಳಿಯೊಳಗೆ ಮುಖ ಹುದುಗಿಸಿ ಬಿಕ್ಕಿದಳು. ಮಗುವಿನ ಉಸಿರು ನಿನ್ನೆಗಿಂತ ಬಿಗಿಯಾಗಿತ್ತು. ಗುಡಿಸಲಿನಾಚೆಗೂ ಅದರ ಗೊರಗೊರ ಕೇಳುತ್ತಿತ್ತು.

"ಜಯಕ್ಕ, ತಾಯಿ ಮಗೂನ ಮನೆ ಒಳಗೆ ಕರ್ಕಳ್ರಿ" ಎಂದ ತಿಮ್ಮರಾಯಪ್ಪ.

"ಒಳಗೆ ಕರ್ಕಂಡ್ರೆ ನಿನ್ನ ಕಾಗ್ದ ಸುಳ್ಳಾಗಾಕಿಲ್ವೇನಪ್ಪ?"

ಅವಳು ಹೇಳಿದ್ದು ಸರಿಯಾಗಿತ್ತು. ಗುಡಿಸಲು ಖಾಲಿಯಾದರೆ ನೋಡಲು ಬಂದವರು ಏನು ಬರೆದಾರು? "ಆದ್ರೆ ಆಗ್ಲಿ" ಎಂದುಬಿಟ್ಟ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಹೆದರಿದ. "ಇನ್ನೊಂದು ಬರೀತೀನಿ."

"ನಿನ್ನ ಕಾಗ್ದ ನೀನು ಬರ್ಕಂತೀಯ. ದೇವ್ರು?"

"ಕೇಳ್ರಿ. ದೆಹಲಿ ಸರ್ಕಾರನೇ ನಿಯಮ ಬದಿಗಿಟ್ಟು ನೋಡಿ ಅಂದ್ರೆ ಅರ್ಜಿ ತಗಂತೈತೆ. ನಿಮ್ ದೇವ್ರು ತಗಣಲ್ವಾ?"

ಮಗು ಮತ್ತೆ ಕೆಮ್ಮಿತು. ಜಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಟ್ಟಿಯ ದೇವರು ಜುಂಜಪ್ಪನ ಗುಡಿಯ ಕಡೆ ತಿರುಗಿದಳು.

"ನಾನು ಇಲ್ಲೀತಂಕ ದೇವ್ರಿಗೆ ಅರ್ಜಿ ಹಾಕ್ದೋಳಲ್ಲ" ಎಂದಳು. "ಕುಂತಿರು. ಪೂಜಾರಪ್ಪನ್ನ ಕೇಳ್ಕಂಡು ಬರ್ತೀನಿ."

ರಸ್ತೆಯಲ್ಲಿ ಕೊನೆಯ ಬಸ್ಸು ಹಾರನ್ ಹೊಡೆಯಿತು. ತಿಮ್ಮರಾಯಪ್ಪ ಅರ್ಧ ಎದ್ದವನು, ಮುಳ್ಳುಬೇಲಿಯ ಪಕ್ಕದ ಕಲ್ಲಿನ ಮೇಲೆ ಮತ್ತೆ ಕೂತ.