ಬದುವಿನೊಳಗಿನ ಭತ್ತ

ಇಲಿಯನ್ನು ಬೈದಷ್ಟು ನಾನು ಇನ್ಯಾರನ್ನೂ ಬೈದಿಲ್ಲ. ನನ್ನ ಗಂಡ ತಿಮ್ಮರಾಜು ಅವರನ್ನೂ ಅಷ್ಟು ಬೈದಿರಲಿಲ್ಲ, ಈ ಸಂಕ್ರಾಂತಿಯವರೆಗೆ.

ಅರಕೆರೆಯ ನಾಲೆ ಬಯಲಿನಲ್ಲಿ ನಮ್ಮ ಗದ್ದೆ. ಗದ್ದೆಗೆಲ್ಲ ಅಂಗಡಿ ಬೀಜ. ಬದುವಿನ ಪಕ್ಕದ ಪುಟ್ಟ ಮಡಿಯೊಂದು ಮಾತ್ರ ನನ್ನದು. ಮದುವೆಯಲ್ಲಿ ನಮ್ಮವ್ವ ಮಡಿಲು ತುಂಬಿ ಕಳಿಸಿದ ಕೆಂಪು ಭತ್ತವನ್ನು ಅಲ್ಲಿ ಬೆಳೆಯುತ್ತೇನೆ. ಅದಕ್ಕೆ ಹೆಸರಿಲ್ಲ, ಅವ್ವನ ಭತ್ತ ಅನ್ನುತ್ತೇವೆ ಅಷ್ಟೆ. ಅವ್ವ ಈಗಿಲ್ಲ. ಪ್ರತಿ ವರ್ಷ ಬೆಳೆದು, ಬೀಜಕ್ಕೆ ಎತ್ತಿಟ್ಟು, ಮತ್ತೆ ಬಿತ್ತಬೇಕು. ಬೀಜ ಕಳೆದರೆ ಮುಗಿಯಿತು, ಬೇರೆಲ್ಲೂ ಸಿಗುವುದಿಲ್ಲ.

ಈ ಸಲ ತೆನೆ ಬಾಗುವ ಹೊತ್ತಿಗೆ ಬದುವಿನ ಇಲಿ ಕೆಲಸ ಶುರುಮಾಡಿತು. ಬೆಳಿಗ್ಗೆ ಹೋಗಿ ನೋಡಿದರೆ ತೆನೆ ಮಾಯ, ಬರೀ ಹುಲ್ಲು ನಿಂತಿರುತ್ತಿತ್ತು. ಪಕ್ಕದಲ್ಲೇ ಅಂಗಡಿ ಬೀಜದ ಭತ್ತ ಬೇಕಾದಷ್ಟಿದೆ, ಅದು ಬೇಡವಂತೆ. ಏನು ನಾಲಿಗೆಯಪ್ಪಾ ಅದರದ್ದು!

"ನಿನ್ ಮನೆ ಹಾಳಾಗ! ನಿನ್ ವಂಶ ನಿರ್ವಂಶ ಆಗ!" ಎಂದು ಬಿಲದ ಮುಂದೆ ನಿಂತು ಕೂಗುತ್ತಿದ್ದೆ.

ಇವರಿಗೆ ನಗು. "ಬುಡಮ್ಮಿ, ನಿನ್ ಬೈಗುಳಕ್ಕೆ ಸಾಯಂಗಿದ್ರೆ ಮೊದ್ಲು ನಾನ್ ಸಾಯ್ಬೇಕಿತ್ತು."

ಉಳಿದದ್ದನ್ನು ಕೊಯ್ದು ಬಡಿದಾಗ ಸಿಕ್ಕಿದ್ದು ಒಂದೇ ಚೀಲ. ಮನೆಯ ಇಲಿಗಳಾದರೂ ಮುಟ್ಟದಿರಲಿ ಎಂದು ತೊಲೆಗೆ ಹಗ್ಗ ಕಟ್ಟಿ ನೇತುಹಾಕಿದೆ. ಇಲಿಗಳು ಮುಟ್ಟಲಿಲ್ಲ.

ಹಬ್ಬದ ಹಿಂದಿನ ದಿನ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆ. ಇವರು ಗಾಡಿ ನಿಲ್ಲಿಸಿ, ಹಿಗ್ಗಿನಿಂದ ಚೀಲ ಇಳಿಸಿದರು.

"ತಕ್ಕೊ, ಪೊಂಗಲ್ಗೆ ಹೊಸಕ್ಕಿ! ಮಿಲ್ಗೆ ಆಕುಸ್ಕೊಂಡ್ ಬಂದೆ."

ಕೈ ಹಾಕಿದರೆ ಕೆಂಪಕ್ಕಿ.

"ಯಾವ್ ಚೀಲ ತಕ್ಕೊಂಡೋಗಿದ್ರಿ?"

"ಮ್ಯಾಲೆ ಕಟ್ಟಿದ್ಯಲ್ಲ, ಅದೇಯ. ಅಬ್ಬಕ್ಕೇಂತ ಜೋಪಾನ ಮಾಡಿದ್ದೀಯ ಅನ್ಕೊಂಡೆ."

ಅಯ್ಯೋ ಶಿವನೇ! ಅಕ್ಕಿಯಾದ ಭತ್ತ ಇನ್ನೆಲ್ಲಿ ಮೊಳೆಯುತ್ತದೆ? ಬಾಯಿಗೆ ಬಂದದ್ದೆಲ್ಲ ಬೈದೆ. ಒಂದು ಹಿಡಿ ಬೀಜವಾದರೂ ಇದೆಯೇ ಎಂದು ಪಾಂಡವಪುರದ ಕಡೆ ಇರುವ ನನ್ನ ತಮ್ಮ ರಂಗಸ್ವಾಮಿಗೆ ಫೋನ್ ಮಾಡಿದೆ. "ನಾವೆಲ್ಲ ಕಬ್ಬು ಆಕ್ಬುಟ್ಟು ಯಾವ್ ಕಾಲ ಆಯ್ತು ಕಣಕ್ಕ" ಅಂದ. ಅವ್ವ ಸತ್ತ ದಿನ ಅತ್ತ ಹಾಗೆ ಕೂತು ಅತ್ತೆ.

ಕಣ್ಣೊರೆಸಿಕೊಂಡು ನೋಡುತ್ತೇನೆ, ಇವರಿಲ್ಲ. ಬೈಗುಳದ ಬಾಕಿ ಇನ್ನೂ ಇತ್ತು, ಹುಡುಕಿಕೊಂಡು ಗದ್ದೆಗೆ ಹೋದೆ. ಬದುವಿಗೆ ಬೇರೆಯವರ ಗುದ್ದಲಿ ತಾಗಿದರೆ ಜಗಳಕ್ಕೆ ನಿಲ್ಲುವ ಮನುಷ್ಯ, ತಾವೇ ಬದು ಅಗೆಯುತ್ತಿದ್ದರು. ಅಂಗಿಯೆಲ್ಲ ಬೆವರು.

"ನಿನ್ ಕಳ್ಳ ಇಲಿ ಬಿಲ್ದಲ್ಲಿ ತೆನೆ ಇಕ್ಕಿರ್ತದೆ ಕಣಮ್ಮಿ," ಅಂದರು, ನನ್ನ ಮುಖ ನೋಡದೆ. "ತಿಂದ್ ಮುಗ್ಸಿಲ್ದಿದ್ರೆ ಸಾಕು."

ಅಷ್ಟರಲ್ಲಿ ಅಲ್ಲೇ ಮಣ್ಣು ಕುಸಿಯಿತು. ಒಳಗೆ ತೆನೆ! ಒಣಗಿದ, ಕೆಂಪು, ಇಡೀ ಇಡೀ ತೆನೆಗಳು. ಜೋಡಿಸಿದಷ್ಟು ಅಚ್ಚುಕಟ್ಟು, ಒಂದಕ್ಕೂ ಬೂಸಲು ಬಂದಿಲ್ಲ. ನಾನು ಮಂಡಿಯೂರಿ ಸೆರಗೊಡ್ಡಿ ಬಾಚಿಕೊಂಡೆ. ನಗುವೋ ಅಳುವೋ ನನಗೇ ತಿಳಿಯಲಿಲ್ಲ. ಒಂದೂ ಬಿಡಬಾರದೆಂದು ಇನ್ನೂ ಒಳಗೆ ಕೈ ಹಾಕಿದೆ. ಮೆತ್ತಗೆ, ಬೆಚ್ಚಗೆ ಏನೋ ತಾಗಿತು.

ಮರಿಗಳು. ಕಣ್ಣು ಬಿಟ್ಟಿರಲಿಲ್ಲ. ತಾಯಿ ಇಲಿ ಆಚೆ ಹುಲ್ಲಿನಲ್ಲಿ ಕೂತು, ಅಷ್ಟು ಹಗಲಿನಲ್ಲೂ ಓಡಿಹೋಗದೆ ನಮ್ಮನ್ನೇ ನೋಡುತ್ತಿತ್ತು. ಅದರ ವಂಶ ನಿರ್ವಂಶವಾಗಲಿ ಎಂದವಳು ನಾನೇ.

ಸೆರಗಿನಿಂದ ಎರಡು ಬೊಗಸೆ ತೆನೆ ತೆಗೆದು ಬಿಲದೊಳಕ್ಕೆ ಇಟ್ಟೆ. ಉಳಿದದ್ದು ಅರ್ಧ ಮಡಿಗೂ ಸಾಲುತ್ತದೋ ಇಲ್ಲವೋ.

"ಏನಮ್ಮಿ ಇದು?"

"ಮಣ್ಣು ಮೆತ್ಗೆ ಎಳೀರಿ. ಮರಿ ಅವೆ. ದಾರಿ ಮುಚ್ಬ್ಯಾಡಿ."

ಅವರು ಕೈಯಲ್ಲೇ ಮಣ್ಣೆಳೆದು, ತಾಯಿ ನುಗ್ಗುವಷ್ಟು ದಾರಿ ಬಿಟ್ಟರು. ಆಮೇಲೆ ಗುದ್ದಲಿ ಹೆಗಲಿಗಿಟ್ಟು, "ಮುಂದಿನ್ ವರ್ಸನೂ ಕದೀತವೆ ಕಣೆ" ಅಂದರು.

"ಕದೀಲಿ ಬುಡಿ," ಅಂದೆ. "ಕದಿಯಕ್ಕೆ ಅವ್ವನ ಭತ್ತ ಇರ್ತದಲ್ಲ."